ತಾತ್ಕಾಲಿಕ ಅಂತ ಹಾಕಿದ ಹಾಡು

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಮಾತಿದೆ. ‘ತಾತ್ಕಾಲಿಕ’ ಅಂತ ಬರೆದ ಕೋಡ್‌ಗಿಂತ ಶಾಶ್ವತವಾದದ್ದು ಯಾವುದೂ ಇಲ್ಲ. ಆಮೇಲೆ ಸರಿ ಮಾಡೋಣ ಅಂತ ಕಾಮೆಂಟ್ ಹಾಕಿಟ್ಟಿರ್ತೀವಿ, ಐದು ವರ್ಷ ಆದರೂ ಅದೇ ಓಡ್ತಾ ಇರುತ್ತೆ. ಸಿನಿಮಾದವರಿಗೂ ಹೀಗೇ ಆಗುತ್ತೆ ಅಂತ ನನಗೆ ಗೊತ್ತಾಗಿದ್ದು ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ನಾಲ್ಕು ನಿಮಿಷದ ಒಂದು ವಿಡಿಯೋ ಮಾಡಲು ಕೂತಾಗ.

ಅಪ್ಪ ಹೋಗಿ ಎರಡು ವರ್ಷ. ಅಮ್ಮ ಈಗ ಬೆಂಗಳೂರಿನಲ್ಲಿ ನನ್ನ ಜೊತೆಗಿದ್ದಾಳೆ. ಹಳೇ ಆಲ್ಬಮ್‌ನ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಜೋಡಿಸಿದೆ. ಎಲ್ಲಿ ಎಷ್ಟು ಹೊತ್ತು ಇಡಬೇಕು ಅನ್ನೋ ಲೆಕ್ಕ ಸಿಗಲಿ ಅಂತ, ಸದ್ಯಕ್ಕೆ ಇರಲಿ ಅಂತ, ‘ಮೈಸೂರು ಮಲ್ಲಿಗೆ’ ಸಿನಿಮಾದ ಒಂದು ಹಾಡನ್ನು ಕೆಳಗೆ ಹಾಕಿಕೊಂಡೆ. ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಹಾಡ್ತಿದ್ದ ಹಾಡು ಅದು. ಆಮೇಲೆ ತೆಗೆದು ಬರೀ ಕೊಳಲು ಹಾಕೋಣ ಅಂದುಕೊಂಡಿದ್ದೆ. ಆದರೆ ಹತ್ತು ಸಲ ನೋಡಿದ ಮೇಲೆ ಆ ಹಾಡಿಲ್ಲದೆ ಫೋಟೋಗಳೇ ಸಪ್ಪೆ ಅನಿಸತೊಡಗಿದವು.

‘ದಿ ಗ್ರ್ಯಾಜುಯೇಟ್’ ಸಿನಿಮಾಕ್ಕೂ ಆಗಿದ್ದು ಇದೇ. ನಿರ್ದೇಶಕ ಮೈಕ್ ನಿಕೋಲ್ಸ್ ಎಡಿಟಿಂಗ್ ಮಾಡುವಾಗ, ಸೈಮನ್ ಮತ್ತು ಗಾರ್‌ಫಂಕೆಲ್ ಜೋಡಿಯ ಆಗಲೇ ಬಿಡುಗಡೆಯಾಗಿದ್ದ ಹಾಡುಗಳನ್ನು ಸದ್ಯಕ್ಕೆ ಅಂತ ದೃಶ್ಯಗಳ ಕೆಳಗೆ ಹಾಕಿಕೊಂಡ. ಪಾಲ್ ಸೈಮನ್ ಹೊಸ ಹಾಡುಗಳನ್ನು ಬರೆದುಕೊಡಬೇಕಿತ್ತು. ಕೊನೆಗೆ ಹಳೆಯವೇ ಉಳಿದವು. ಹೊಸದಾಗಿ ಸೇರಿದ ಹಾಡು ‘ಮಿಸೆಸ್ ರಾಬಿನ್‌ಸನ್’ ಒಂದೇ. 1964ರಲ್ಲಿ ಮೊದಲು ಬಂದಿದ್ದ ‘ದಿ ಸೌಂಡ್ ಆಫ್ ಸೈಲೆನ್ಸ್’ 1967ರ ಈ ಸಿನಿಮಾದ ಶುರುವಿನಲ್ಲೂ ಇದೆ, ಕೊನೆಯ ಬಸ್ಸಿನ ದೃಶ್ಯದಲ್ಲೂ ಇದೆ. ಅದನ್ನು ಈ ಕಥೆಗೇ ಬರೆದದ್ದು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ರಾಬರ್ಟ್ ಆಲ್ಟ್‌ಮನ್‌ನ ‘ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್’ ಇನ್ನೂ ವಿಚಿತ್ರ. ಲೆನರ್ಡ್ ಕೊಹೆನ್ 1967ರ ತನ್ನ ಮೊದಲ ಆಲ್ಬಮ್‌ಗೆ ಹಾಡಿದ್ದ ಮೂರು ಹಾಡುಗಳು 1971ರ ಈ ಸಿನಿಮಾದಲ್ಲಿವೆ. ಮಳೆಯಲ್ಲಿ ಕುದುರೆ ಮೇಲೆ ಒಬ್ಬ ಜೂಜುಕೋರ ಊರಿಗೆ ಬರ್ತಾನೆ. ಹಿಂದೆ ಕೇಳೋ ಹಾಡಿನಲ್ಲೂ ಒಬ್ಬ ಅಪರಿಚಿತ, ಇಸ್ಪೀಟೆಲೆ. ಹಾಡು ನಾಲ್ಕು ವರ್ಷ ಮೊದಲೇ ಹುಟ್ಟಿ ಕಾಯ್ತಾ ಇತ್ತೇನೋ ಅನಿಸುತ್ತೆ.

ನಮ್ಮಲ್ಲಿ ಈ ಕಾಯುವಿಕೆ ಇನ್ನೂ ದೊಡ್ಡದು. ಕೆ.ಎಸ್. ನರಸಿಂಹಸ್ವಾಮಿ ‘ಮೈಸೂರು ಮಲ್ಲಿಗೆ’ ಸಂಕಲನ ತಂದಿದ್ದು 1942ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ. ಹೊಸದಾಗಿ ಮದುವೆಯಾದವರ ಮಾತು, ಮಾವನ ಮನೆ, ತವರು, ಇವೇ ಅದರ ಲೋಕ. ಸುಮಾರು ಐವತ್ತು ವರ್ಷ ಆದ ಮೇಲೆ ಟಿ.ಎಸ್. ನಾಗಾಭರಣ ಆ ಕವಿತೆಗಳನ್ನೇ ಹಾಡಾಗಿಟ್ಟುಕೊಂಡು, ಅವುಗಳ ನಡುವೆ ಸ್ವಾತಂತ್ರ್ಯ ಹೋರಾಟದ ಕಾಲದ ಒಂದು ಕಥೆ ಹೆಣೆದರು. ಸಂಗೀತ ಸಿ. ಅಶ್ವಥ್ ಅವರದು. ಸಾಮಾನ್ಯವಾಗಿ ಕಥೆಗೆ ಹಾಡು ಬರೆಸ್ತಾರೆ, ಇಲ್ಲಿ ಹಾಡಿಗೆ ಕಥೆ ಹುಡುಕಿದರು. ಆ ಚಿತ್ರದ ಗೀತರಚನೆಗೆ ಕವಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಸಿನಿಮಾಕ್ಕಾಗಿ ಬರೆಯದ ಸಾಲುಗಳಿಗೆ ಸಿನಿಮಾದ ಪ್ರಶಸ್ತಿ!

ಹುಟ್ಟುಹಬ್ಬಕ್ಕೆ ಎರಡು ದಿನ ಇದ್ದಾಗ ಅಮ್ಮನಿಗೆ ವಿಡಿಯೋ ಮೊದಲೇ ತೋರಿಸಿಬಿಟ್ಟೆ. ತಡೆಯೋಕಾಗಲಿಲ್ಲ. ಅಳ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, “ಫೋಟೋ ಎಲ್ಲಾ ಚೆನ್ನಾಗಿವೆ ಪುಟ್ಟಿ. ಹಾಡು ಮಾತ್ರ ನಮ್ಮದಲ್ಲ” ಅಂದಳು.

“ಅಪ್ಪ ಹಾಡ್ತಿದ್ದಿದ್ದೇ ಅಲ್ವೇನಮ್ಮ?”

“ಇದು ಸಿನಿಮಾದ್ದು ಕಣೇ. ಕೇಳಿದರೆ ನಂಗೆ ಸುಧಾರಾಣಿ ಕಾಣ್ತಾಳೆ. ನಿಮ್ಮಪ್ಪ ಕಾಣಲ್ಲ.”

ಆಮೇಲೆ ಹೇಳಿದಳು. ಮದುವೆಯಾದ ಹೊಸದರಲ್ಲಿ, ಸಿನಿಮಾ ಬರುವ ಮುಂಚೆಯೇ, ಅಪ್ಪ ಇವಳ ತವರಿಗೆ ಬಂದಾಗಲೆಲ್ಲ ಜಗಲಿ ಮೇಲೆ ಕೂತು ಈ ಹಾಡು ಹೇಳ್ತಿದ್ದರಂತೆ. ಎರಡನೇ ಚರಣ ಯಾವತ್ತೂ ನೆನಪಿರ್ತಿರಲಿಲ್ಲ, ಅಲ್ಲಿ ಬಂದಾಗ ಬರೀ ಗುನುಗೋದು. ಒಳಗಿಂದ ಇವಳು ಸಾಲು ಹೇಳಿಕೊಡಬೇಕು. ಸಿನಿಮಾ ಬಂದಾಗ ಇಬ್ಬರೂ ಹೋಗಿ ನೋಡಿದರು. “ಸಿನಿಮಾ ಚೆನ್ನಾಗೇ ಇತ್ತು. ವಾಪಸ್ ಬರೋವಾಗ ಬಸ್ಸಲ್ಲಿ ದಾರಿಯುದ್ದಕ್ಕೂ ನಿಮ್ಮಪ್ಪಂದು ಒಂದೇ ತಕರಾರು, ಆ ಹಾಡು ಆ ಜಾಗದಲ್ಲಿ ಬರಬಾರದಿತ್ತು ಅಂತ. ಎಲ್ಲಿ ಬರಬೇಕಿತ್ತು ಅಂದ್ರೆ ಹೇಳಲಿಲ್ಲ.”

ನನಗೆ ಮೊದಲು ಸ್ವಲ್ಪ ಬೇಜಾರಾಯ್ತು, ಮೂರು ರಾತ್ರಿಯ ಕೆಲಸ. ಆಮೇಲೆ ಯೋಚಿಸಿದೆ. ಜನಕ್ಕೆ ಆಗಲೇ ಗೊತ್ತಿರೋ ಹಾಡನ್ನು ಸಿನಿಮಾ ತಗೊಂಡಾಗ ಅದರ ಜೊತೆ ಅವರವರ ನೆನಪನ್ನೂ ಪುಕ್ಕಟೆ ತಗೊಳ್ಳುತ್ತೆ. ಅದಕ್ಕೇ ಅಷ್ಟು ಬೇಗ ಮನಸ್ಸಿಗೆ ತಾಗೋದು. ಆದರೆ ವಾಪಸ್ ಕೊಡುವಾಗ ಒಂದು ಮುಖ, ಒಂದು ದೃಶ್ಯ ಅಂಟಿಸಿ ಕೊಡುತ್ತೆ. ನನ್ನಂಥವರಿಗೆ ಅದೇ ಲಾಭ. ಸಿನಿಮಾ ಇಲ್ಲದಿದ್ದರೆ ಬಹುಶಃ ಆ ಕವಿತೆಗಳು ನನ್ನ ತನಕ ಬರ್ತಾನೇ ಇರಲಿಲ್ಲ. ಅಮ್ಮನಿಗೆ ಮಾತ್ರ ಅದು ತನ್ನ ಜಗಲಿ ಮೇಲೆ ಬೇರೆ ಯಾರೋ ಬಂದು ಕೂತ ಹಾಗೆ.

ಅವತ್ತು ರಾತ್ರಿ ಅಪ್ಪನ ಹಳೇ ಫೋನ್ ಚಾರ್ಜಿಗೆ ಹಾಕಿದೆ. ಮಿಕ್ಸಿ ಬಿಚ್ಚಿಕೊಂಡು ರಿಪೇರಿ ಮಾಡ್ತಾ ಕೂತಿದ್ದಾಗ ಯಾರೋ ತೆಗೆದ ನಲವತ್ತು ಸೆಕೆಂಡಿನ ಒಂದು ವಿಡಿಯೋ ಸಿಕ್ಕಿತು. ಅಪ್ಪ ಕ್ಯಾಮೆರಾ ಕಡೆ ನೋಡೇ ಇಲ್ಲ. ಬಾಯಲ್ಲಿ ಅದೇ ಹಾಡು. ಎರಡನೇ ಚರಣಕ್ಕೆ ಬಂದು ನಿಂತು, ಗುನುಗಿ, ಮತ್ತೆ ಪಲ್ಲವಿಗೆ ಹೋಗ್ತಾರೆ. ಹಿಂದೆ ಕುಕ್ಕರ್ ಕೂಗು. ಶಬ್ದ ಸ್ವಚ್ಛ ಮಾಡೋಕೆ ಹೋಗಲಿಲ್ಲ. ನಾಲ್ಕು ನಿಮಿಷದ ವಿಡಿಯೋವನ್ನು ನಲವತ್ತು ಸೆಕೆಂಡಿಗೆ ಇಳಿಸಿದೆ, ಒಂಬತ್ತೇ ಫೋಟೋ.

ಹುಟ್ಟುಹಬ್ಬದ ದಿನ ಅಮ್ಮ ಅದನ್ನು ಎರಡು ಸಲ ನೋಡಿದಳು. ಮೂರನೇ ಸಲ ಫೋನ್ ಕಿವಿ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡಳು. ಅಪ್ಪ ಎರಡನೇ ಚರಣದಲ್ಲಿ ತಡವರಿಸಿದ ಕಡೆ, ಮೆಲ್ಲಗೆ, ಸಾಲು ಹೇಳಿಕೊಟ್ಟಳು.