ಶಾಲೆಯ ಗುಣಪರೀಕ್ಷೆ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಮಗಳು ತನ್ನ ಹುಡುಗಿಯನ್ನು ಕರೆದುಕೊಂಡು ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಬಂದಳು. ಮಗುವು ಐದನೆಯ ತರಗತಿಯಲ್ಲಿ ಓದುತ್ತಿರುವುದು. ಪ್ರವೇಶಪರೀಕ್ಷೆ ನಡೆಸಿ ಆರನೆಯ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುವ ಸರಕಾರೀ ಶಾಲೆಗಳು ಈಗ ಹಲವುಂಟು: ಕೇಂದ್ರದ ನವೋದಯ ವಿದ್ಯಾಲಯಗಳು, ರಾಜ್ಯದ ಆದರ್ಶ ವಿದ್ಯಾಲಯಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು. ಊಟವಾದ ಮೇಲೆ ಮಗಳು, "ಅಪ್ಪಾ, ಮೂವತ್ತೈದು ವರ್ಷ ಪಾಠ ಹೇಳಿದ್ದೀರಿ. ಇವುಗಳಲ್ಲಿ ಯಾವುದು ಒಳ್ಳೆಯ ಶಾಲೆ, ನೀವೇ ಹೇಳಿ" ಎಂದಳು. ಪ್ರಶ್ನೆ ಸುಲಭವಾಗಿ ತೋರಿತು. ಉತ್ತರ ಹೇಳಹೊರಟಾಗ ನಾಲಗೆ ತಡವರಿಸಿತು.

ಸಾಮಾನ್ಯವಾಗಿ ಗೃಹಸ್ಥರು ಶಾಲೆಯ ಯೋಗ್ಯತೆಯನ್ನು ಅಳೆಯುವುದು ಅದರ ಬಾಗಿಲಿಗೆ ಕಟ್ಟಿದ ಫಲಕದಿಂದ. ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡಾ ನೂರು ಫಲಿತಾಂಶ, 625ಕ್ಕೆ ಇಷ್ಟು ಅಂಕ ಎಂಬುದೇ ಅದರ ಮೇಲಿನ ಬರೆಹ. ಫಲಿತಾಂಶವು ನಿರರ್ಥಕವೆಂದು ನಾವು ಹೇಳುವವರಲ್ಲ. ಆದರೆ ಅಳೆಯುವ ಕೋಲೇ ಬಾಗತಕ್ಕದ್ದಾದರೆ ಅಳತೆಯನ್ನು ನಂಬುವುದು ಹೇಗೆ? 2023ರಲ್ಲಿ ರಾಜ್ಯದ ಫಲಿತಾಂಶವು ಶೇಕಡಾ 83.89 ಇದ್ದಿತು. 2024ರಲ್ಲಿ ಪರೀಕ್ಷೆಯ ಕೊಠಡಿಗಳನ್ನು ವೆಬ್‌ಕಾಸ್ಟಿಂಗ್ ಮೂಲಕ ಕಾಯತೊಡಗಿದಾಗ, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಬಳಿಕವೂ, ಅದು 73.40ಕ್ಕೆ ಇಳಿಯಿತು. ನಾಡಿನ ಮಕ್ಕಳು ಒಂದೇ ವರ್ಷದಲ್ಲಿ ಮಂದಮತಿಗಳಾದರೇನು? ಮಕ್ಕಳು ಹಿಂದೆ ಇದ್ದಂತೆಯೇ ಇದ್ದರು. ಕಾವಲು ಮಾತ್ರ ಬಿಗಿಯಾಯಿತು.

ನಮ್ಮ ವಿಷಯವಾದ ಸಂಸ್ಕೃತದ ಮಾತನ್ನೇ ಹೇಳುವೆವು. ಇದರಿಂದ ನಮಗೇ ನಾಚಿಕೆಯಾದರೂ ಚಿಂತೆಯಿಲ್ಲ. ಪ್ರಥಮ ಭಾಷೆಗೆ 125 ಅಂಕ. ಸಂಸ್ಕೃತವನ್ನು ತೆಗೆದುಕೊಂಡವರು ಅನೇಕ ಉತ್ತರಗಳನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಬಹುದು. ಆದಕಾರಣ ಅಂಕಕ್ಕಾಗಿಯೇ ಸಂಸ್ಕೃತವನ್ನು ಆರಿಸುವವರು ಬಹುಮಂದಿ. ನಮ್ಮ ಶಿಷ್ಯರಲ್ಲಿ 125ಕ್ಕೆ 125 ಪಡೆದವರುಂಟು. ಅವರಲ್ಲಿ ಪರಿಚಯವಿಲ್ಲದ ಒಂದು ಶ್ಲೋಕಕ್ಕೆ ಅನ್ವಯ ಹೇಳಬಲ್ಲವರು ಬೆರಳೆಣಿಕೆಯಷ್ಟೇ. ಆ ಅಂಕಗಳು ನಮ್ಮ ಕೀರ್ತಿಯನ್ನು ಬೆಳೆಸಿದವು. ವಿದ್ಯೆಯನ್ನು ಬೆಳೆಸಿದುವೆಂದು ಪ್ರಮಾಣ ಮಾಡಲಾರೆವು.

ಇನ್ನು, ಆರಿಸಿಕೊಳ್ಳುವ ಶಾಲೆಗಳ ವಿಚಾರ. ಇಲ್ಲಿ ಬಾಳಿದವರು ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಈ ಗಣಿಗಳಿಂದ, 2001ರ ಫೆಬ್ರವರಿ 28ರಂದು ಅವು ಮುಚ್ಚುವ ತನಕ, 800 ಟನ್ನಿಗೆ ಕಡಮೆಯಿಲ್ಲದಷ್ಟು ಚಿನ್ನ ಬಂದಿತು. ಮೊದಲ ಕಾಲದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಮಿಗೂ ಮೇಲೆ ದೊರೆಯುತ್ತಿದ್ದುದು ಕೊನೆಗಾಲಕ್ಕೆ ಮೂರು ನಾಲ್ಕು ಗ್ರಾಮಿಗೆ ಇಳಿದಿತ್ತು. ಆದುದರಿಂದ ಹಿಂದಿನ ಗಿರಣಿಗಳು ಉತ್ತಮ, ಕಡೆಯವು ಅಧಮ ಎಂದು ಯಾರಾದರೂ ಹೇಳಿದರೆ ಗಣಿಯಲ್ಲಿ ದುಡಿದ ಯಾವನಾದರೂ ನಕ್ಕಾನು. ಒಳಗೆ ಹೋದ ಅದಿರಿನಲ್ಲಿ ಎಷ್ಟಿತ್ತು, ತೆಗೆದದ್ದೆಷ್ಟು, ಊರ ಹೊರಗೆ ಸುರಿದ ಸಯನೈಡ್ ದಿಬ್ಬದಲ್ಲಿ ಉಳಿದುಹೋದದ್ದೆಷ್ಟು—ಈ ಮೂರನ್ನೂ ನೋಡಿಯೇ ಗಿರಣಿಯ ಬೆಲೆ ಕಟ್ಟಬೇಕು.

ಶಾಲೆಗೂ ಇದೇ ನ್ಯಾಯ. ನವೋದಯ ವಿದ್ಯಾಲಯದಲ್ಲಿ ಸಾಮಾನ್ಯವಾಗಿ 80 ಸ್ಥಾನಗಳು. ಇಡೀ ಜಿಲ್ಲೆಯ ಮಕ್ಕಳು ಅದಕ್ಕಾಗಿ ಪರೀಕ್ಷೆ ಬರೆಯುವರು. ಹಾಗೆ ಆರಿಸಿದ ಮಕ್ಕಳು ಹತ್ತನೆಯ ತರಗತಿಯಲ್ಲಿ ಮೇಲೆ ಬಂದರೆ ಅದರಲ್ಲಿ ಆಯ್ಕೆಯ ಪಾಲೆಷ್ಟು, ಪಾಠದ ಪಾಲೆಷ್ಟು? ಅಮೆರಿಕದ ಬಾಸ್ಟನ್, ನ್ಯೂಯಾರ್ಕ್ ನಗರಗಳ ಇಂತಹ ಶಾಲೆಗಳನ್ನು ಕುರಿತು ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಕೂದಲೆಳೆಯಷ್ಟು ಅಂತರದಿಂದ ಒಳಗೆ ಸೇರಿದವರನ್ನೂ ಅಷ್ಟೇ ಅಂತರದಿಂದ ಹೊರಗುಳಿದವರನ್ನೂ ಹೋಲಿಸಿ ನೋಡಿದಾಗ ಮುಂದಿನ ಪರೀಕ್ಷೆಗಳಲ್ಲಿ ಇವರಿಬ್ಬರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲವಂತೆ. ಇದರಿಂದ ಆ ಶಾಲೆಗಳು ವ್ಯರ್ಥವೆಂದು ತಿಳಿಯಬಾರದು. ಬಡವರ ಮಗುವಿಗೆ ಊಟ, ವಸತಿ, ಪುಸ್ತಕ ಎಲ್ಲವನ್ನೂ ಕೊಟ್ಟು ಓದಿಸುವ ವಸತಿಶಾಲೆಯ ಉಪಕಾರವು ಸಾಮಾನ್ಯವಾದುದಲ್ಲ. ಪ್ರವೇಶ ದೊರೆಯದ ಮಗುವಿನ ಬಾಳು ಮುಗಿಯಿತೆಂದು ತಂದೆತಾಯಿಗಳು ಕಣ್ಣೀರಿಡಬೇಕಾಗಿಲ್ಲವೆಂಬುದಷ್ಟೇ ನಮ್ಮ ಅಭಿಪ್ರಾಯ.

ದಿಬ್ಬದ ಮಾತನ್ನು ಹೇಳಿದೆವಷ್ಟೆ. ಅದರಲ್ಲಿ ನಮ್ಮ ಕೈಯಿಂದ ಸುರಿದದ್ದೂ ಉಂಟು. ಗಣಿ ಮುಚ್ಚಿದ ಮರುವರ್ಷ ನಾವಿದ್ದ ಶಾಲೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ಒಂಬತ್ತನೆಯ ತರಗತಿಯ ಮೂವರು ಹುಡುಗರು ಹಿಂದುಳಿದಿದ್ದರು. ಅವರು ಹತ್ತಕ್ಕೆ ಬಂದರೆ ಶೇಕಡಾ ನೂರು ತಪ್ಪುವುದೆಂದು ಎಲ್ಲರೂ ಯೋಚಿಸಿದೆವು. ಅವರಲ್ಲೊಬ್ಬನ ತಂದೆಯು ಗಣಿಯ ಕೆಲಸವನ್ನು ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದನು. ಅವನನ್ನು ಕರೆಸಿ, "ಇಲ್ಲಿಂದ ಬಿಡಿಸಿಕೊಂಡು ಹೋಗಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ, ಹುಡುಗನಿಗೂ ಅದೇ ಒಳ್ಳೆಯದು" ಎಂದು ಹೇಳಿದವರು ನಾವೇ. ಮೇಷ್ಟರ ಮಾತನ್ನು ನಂಬಿ ಅವನು ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದನು. ಮರುವರ್ಷ ನಮಗೆ ಶೇಕಡಾ ನೂರು ಬಂದಿತು; ಹಾರ ಹಾಕಿದರು, ಕೊರಳೊಡ್ಡಿದೆವು. ಆ ಹುಡುಗನು ಪರೀಕ್ಷೆ ಕಟ್ಟಲೇ ಇಲ್ಲವೆಂಬುದು ಬಹುದಿನದ ಮೇಲೆ ತಿಳಿಯಿತು.

ಎರಡು ವರ್ಷಗಳ ಹಿಂದೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿಗೆ ಉರಿಗಾಂನಲ್ಲಿ ಹತ್ತಿದೆವು. ಕಾಲಿಡಲು ಸ್ಥಳವಿರಲಿಲ್ಲ. ಒಬ್ಬನು ಎದ್ದು, "ಸಾರ್, ಕೂತ್ಕೊಳ್ಳಿ" ಎಂದು ತನ್ನ ಜಾಗ ಬಿಟ್ಟುಕೊಟ್ಟನು. ಅವನೇ. ಬೆಂಗಳೂರಿನಲ್ಲಿ ವಿದ್ಯುತ್ತಿನ ಕೆಲಸ ಮಾಡಿಕೊಂಡು ದಿನವೂ ಓಡಾಡುತ್ತಿರುವನಂತೆ. ಬಂಗಾರಪೇಟೆ ದಾಟಿದ ಮೇಲೆ ಅವನು ಕೇಳಿದ ಪ್ರಶ್ನೆಯೂ ಇದೇ: "ಸಾರ್, ಮಗಳನ್ನು ಯಾವ ಶಾಲೆಗೆ ಹಾಕಲಿ?"

"ಕಡೆಯ ಬೆಂಚಿನ ಮಕ್ಕಳನ್ನು ಏನು ಮಾಡುತ್ತಾರೆಂದು ಮೊದಲು ಕೇಳಿ ತಿಳಿದುಕೋ" ಎಂದೆವು. ಅವನು ಕ್ಷಣಕಾಲ ನಮ್ಮ ಮುಖವನ್ನು ನೋಡಿ, "ಆಯಿತು ಸಾರ್" ಎಂದಷ್ಟೇ ಹೇಳಿದನು. ಕ್ಷಮೆ ಕೇಳಬೇಕೆಂದಿದ್ದೆವು; ಅಷ್ಟು ಜನರ ನಡುವೆ ಬಾಯಿ ಬರಲಿಲ್ಲ. ಅದೂ ಒಂದು ನೆಪವೆಂಬುದನ್ನು ಬಲ್ಲೆವು.

ಮಗಳಿಗೂ ಅದನ್ನೇ ಬಿಡಿಸಿ ಹೇಳಿದೆವು. ಆರನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಎಷ್ಟು ಮಂದಿ ಅಲ್ಲಿಯೇ ಹತ್ತನ್ನು ಮುಗಿಸಿದರು ಎಂದು ಕೇಳು. ಹಿಂದುಳಿದ ಮಗುವಿನ ಬರೆವಣಿಗೆಯ ಪುಸ್ತಕವನ್ನು ತರಿಸಿ, ತಪ್ಪು ತಿದ್ದಿದ ಗುರುತು ಇದೆಯೇ ನೋಡು. ಗಣಿತಕ್ಕೂ ವಿಜ್ಞಾನಕ್ಕೂ ವರ್ಷವಿಡೀ ಅಧ್ಯಾಪಕರು ಇದ್ದರೇ ವಿಚಾರಿಸು. ಓದದೆ ಇರುವ ಒಂದು ಪುಟವನ್ನು ಅಲ್ಲಿಯ ಮಗುವಿನ ಕೈಗೆ ಕೊಟ್ಟು ಅರ್ಥವನ್ನು ಕೇಳು. ಫಲಕವನ್ನು ಕಡೆಯಲ್ಲಿ ಓದು.

ಮೊಮ್ಮಗಳು ಪ್ರವೇಶಪರೀಕ್ಷೆಯನ್ನು ಬರೆಯಲಿ, ಬೇಡವೆನ್ನುವುದಿಲ್ಲ. ಆದರೆ ಸ್ಥಾನ ದೊರೆಯದಿದ್ದರೆ ಮನೆಯಲ್ಲಿ ಯಾರೂ ಮುಖ ಬಾಡಿಸಕೂಡದೆಂದು ಮಾತು ತೆಗೆದುಕೊಂಡಿದ್ದೇವೆ. ವಾಚಕ ಗೃಹಸ್ಥರಲ್ಲಿಯೂ ನಮ್ಮ ಬಿನ್ನಹ ಇಷ್ಟೇ.