ಅಪ್ಪನ ಯೆಜ್ಡಿಗೊಂದು ಹೊಸ ಮೀಟರು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು ಅಲ್ಲಿಂದ ಹೊರಬಂದ ಒಂದು ಯೆಜ್ಡಿ 250, ಮುಲುಂಡಿನ ನಮ್ಮ ಕಟ್ಟಡದ ಕೆಳಗೆ ಸ್ಕೂಟರುಗಳ ನಡುವೆ ಇಂದಿಗೂ ನಿಂತಿದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಲಿವರು. ಮೀಟರು ಅಂತ ಇರುವುದು ಹೆಡ್‌ಲೈಟಿನ ನೆತ್ತಿಯ ಮೇಲೆ ಕೂತ ವೇಗದ ಮುಳ್ಳು ಮಾತ್ರ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವ ಆರ್‌ಪಿಎಂ ಮೀಟರು ಇಲ್ಲ. ಅಪ್ಪನಿಗೆ ಅದು ಬೇಕಾಗಿಯೂ ಇರಲಿಲ್ಲ. ಕಿವಿ ಇತ್ತಲ್ಲ.

ಆ ಕಿವಿಯ ಮುಂದೆ ಭಾಂಡೂಪಿನ ಕಾರ್ಖಾನೆಯೊಂದರ ಪವರ್ ಪ್ರೆಸ್ ಮೂವತ್ತು ವರ್ಷ ಕುಟ್ಟಿತು. ಈಗ ಅಪ್ಪನಿಗೆ ಎಪ್ಪತ್ತೆರಡು. ಟಿವಿಯ ಸದ್ದು ಪಕ್ಕದ ಮನೆಗೂ ಕೇಳುತ್ತದೆ. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಪೇಟೆಗೆ ಬಂದಾಗ ಶೋರೂಮಿಗೆ ಹೋಗಿ ಹೊಸ ಗಾಡಿಯ ಡಿಜಿಟಲ್ ಪರದೆಯನ್ನು ಬಗ್ಗಿ ಬಗ್ಗಿ ನೋಡಿ ಬಂದಿದ್ದರು. ಆಗ ಏನೂ ಅನ್ನಲಿಲ್ಲ. ಕಳೆದ ದೀಪಾವಳಿಗೆ ಇದ್ದಕ್ಕಿದ್ದ ಹಾಗೆ, "ನಮ್ಮದಕ್ಕೂ ಒಂದು ಆರ್‌ಪಿಎಂ ಮೀಟರ್ ಹಾಕ್ಸೋಣ ಕಣಮ್ಮಾ, ಎಂಜಿನ್ ಸರಿಯಾಗಿ ಕೇಳಿಸ್ತಿಲ್ಲ" ಅಂದರು.

ಬೆಂಗಳೂರಿನ ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟ: "ಮೀಟರೂ ಬೇಡ, ಏನೂ ಬೇಡ. ಕೀ ತೆಗೆದಿಡು." ಅವನ ಭಯ ಸುಳ್ಳಲ್ಲ. ಅಪ್ಪನ ಕಿವಿಯ ಪರೀಕ್ಷೆಯ ಕಾಗದ ನನ್ನ ಹತ್ತಿರವೇ ಇದೆ. ಅದರಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಬಾವಿಗೆ ಇಳಿದ ಹಾಗೆ ಇಳಿದಿದೆ. ವರ್ಷಗಟ್ಟಲೆ ಗದ್ದಲದಲ್ಲಿ ಕೆಲಸ ಮಾಡಿದವರಿಗೆ ಮೊದಲು ಹೋಗುವುದು ಆ ಮೇಲಿನ ಸದ್ದುಗಳಂತೆ. ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಪ್ರತಿ ಸುತ್ತಿಗೂ ಒಂದು ಕಿಡಿ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ ಐವತ್ತು ಬಡಿತ, ತೀರ ತಗ್ಗು ದನಿ. ಅದು ಅಪ್ಪನಿಗೆ ಇಂದಿಗೂ ಕೇಳುತ್ತದೆ. ಕೇಳದಿದ್ದರೂ ಅಂಗೈಗೆ, ಅಂಗಾಲಿಗೆ ತಿಳಿಯುತ್ತದೆ. ಕೇಳದಿರುವುದು ಎಂಜಿನ್ ಒಳಗಿನ ಸಣ್ಣ ಕಟಕಟ, ಹಿಂದಿನಿಂದ ಬರುವ ರಿಕ್ಷಾದ ಪೀಂ ಪೀಂ. ಆ ಪೀಂ ಪೀಂ ಯಾವ ಮೀಟರಿನಲ್ಲಿ ಕಾಣುತ್ತದೆ? ಕಿವಿಯ ಮಷಿನ್ ಹಾಕಿಕೊಂಡರೆ ಹೆಲ್ಮೆಟ್ ಒಳಗೆ ಅದು ಕುಯ್ಯೋ ಅನ್ನುತ್ತದೆ.

ಕೀ ತೆಗೆದಿಡಲು ನನಗೆ ಕೈ ಬರಲಿಲ್ಲ. ಒಂದು ಷರತ್ತು ಹಾಕಿದೆ: ಮೀಟರು ಬೇಕಾದರೆ ಎಡಗಡೆಗೂ ಒಂದು ಕನ್ನಡಿ ಹಾಕಿಸಬೇಕು. ಇದ್ದದ್ದು ಬಲಗಡೆ ಒಂದೇ. ಗಾಡಿಯ ಚೆಂದ ಹೋಗುತ್ತದೆ ಎಂದು ಗೊಣಗಿ ಒಪ್ಪಿದರು.

ಕುರ್ಲಾದ ಸಿಎಸ್‌ಟಿ ರಸ್ತೆಯ ಮೆಕ್ಯಾನಿಕ್ ಮೊದಲು ಕೇಳಿದ್ದು, ಬ್ಯಾಟರಿ ಎಷ್ಟು ವೋಲ್ಟು ಅಂತ. ಪೇಟೆಯಲ್ಲಿ ಸಿಗುವ ಮೀಟರುಗಳೆಲ್ಲ 12 ವೋಲ್ಟಿನವು, ನಮ್ಮ ಗಾಡಿ 6 ವೋಲ್ಟಿನದು. ಇಡೀ ಗಾಡಿಯನ್ನೇ 12ಕ್ಕೆ ಬದಲಿಸಿದರೆ ಬ್ಯಾಟರಿ, ಬಲ್ಬು, ಹಾರ್ನು ಎಲ್ಲವೂ ಹೊಸತಾಗಬೇಕು. ಅಪ್ಪ ಖಡಾಖಂಡಿತ ಬೇಡ ಅಂದರು. ಕೊನೆಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬೂಸ್ಟರ್ ಸಿಕ್ಕಿತು. 6 ವೋಲ್ಟನ್ನು 12ಕ್ಕೆ ಏರಿಸಿ ಮೀಟರಿಗೆ ಮಾತ್ರ ಕೊಡುತ್ತದೆ. ಎಂಜಿನ್ನಿನ ಲೆಕ್ಕಕ್ಕೆ ಸ್ಪಾರ್ಕ್ ಪ್ಲಗ್ಗಿನ ದಪ್ಪ ವೈರಿನ ಮೇಲೆ ಒಂದು ತೆಳು ವೈರನ್ನು ನಾಲ್ಕೈದು ಸುತ್ತು ಸುತ್ತಿದರೆ ಸಾಕು, ಪ್ರತಿ ಕಿಡಿಯನ್ನೂ ಮೀಟರು ಎಣಿಸುತ್ತದೆ. ಹಳೆಯ ವೈರಿಂಗಿಗೆ ಕತ್ತರಿ ಇಲ್ಲ, ಎಲ್ಲೂ ತೂತು ಇಲ್ಲ. ಹ್ಯಾಂಡಲಿಗೆ ಒಂದು ಕ್ಲಾಂಪು, ಅಷ್ಟೇ.

ಮೊದಲ ಸಲ ಕಿಕ್ ಹೊಡೆದಾಗ ಪರದೆ 2400 ತೋರಿಸಿತು. ಅಪ್ಪ ಹ್ಯಾಂಡಲ್ ಮೇಲೆ ಕೈ ಇಟ್ಟವರು, "ಸುಳ್ಳು. ಇದರ ಅರ್ಧ ಇರಬೇಕು" ಅಂದರು. ಮೆಕ್ಯಾನಿಕ್ ನಕ್ಕ. ಆಮೇಲೆ ನೋಡಿದರೆ ಮೀಟರು ಫೋರ್ ಸ್ಟ್ರೋಕ್ ಸೆಟ್ಟಿಂಗಿನಲ್ಲಿತ್ತು, ಎರಡು ಸುತ್ತಿಗೆ ಒಂದು ಕಿಡಿ ಅನ್ನುವ ಲೆಕ್ಕ. ಬದಲಿಸಿದ ಮೇಲೆ 1200ಕ್ಕೆ ನಿಂತಿತು. ಅಂಗೈಯಲ್ಲೇ ಇಷ್ಟು ತಿಳಿಯುವ ಮನುಷ್ಯನಿಗೆ ಇದು ಯಾಕೆ ಬೇಕಿತ್ತು ಎಂದು ನನಗೆ ಮತ್ತೆ ಅನ್ನಿಸಿತು.

ಉಪಯೋಗ ಗೊತ್ತಾದದ್ದು ಮುಂದಿನ ಭಾನುವಾರ, ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಕ್ಕೆ ಹೊರಟಾಗ. ನಾನು ಹಿಂದೆ ಕೂತಿದ್ದೆ. ಮೆಟ್ರೋ ಕಾಮಗಾರಿಯ ತಗಡುಗಳ ನಡುವೆ ಎಲ್‌ಬಿಎಸ್ ರಸ್ತೆಯಲ್ಲಿ ಹೋಗುವಾಗ ಅಪ್ಪ ಒಮ್ಮೆ ಆಕ್ಸಿಲರೇಟರ್ ತಿರುಗಿಸುತ್ತಾರೆ, ಒಮ್ಮೆ ಬಿಡುತ್ತಾರೆ. ಘಾಟ್ಕೋಪರಿನ ಸಿಗ್ನಲ್‌ನಲ್ಲಿ ಹಿಂದಕ್ಕೆ ತಿರುಗಿ ಕೂಗಿ ಹೇಳಿದರು: "ಎರಡು ಸಾವಿರದ ಎಂಟುನೂರು ದಾಟಿದ್ರೆ ಕನ್ನಡಿ ಅದುರಿ ಹಿಂದಿನದೆಲ್ಲ ಕಲಸಿಹೋಗುತ್ತೆ. ಅದರ ಕೆಳಗಿದ್ರೆ ರಿಕ್ಷಾದ ನಂಬರ್ ಪ್ಲೇಟೂ ಓದಬಹುದು!" ಸಿಗ್ನಲ್‌ನಲ್ಲಿದ್ದವರೆಲ್ಲ ನಮ್ಮನ್ನು ನೋಡಿದರು.

ನಾಲ್ಕನೇ ಗೇರಿನಲ್ಲಿ ಆ 2800 ಅಂದರೆ ಐವತ್ತು ಕಿಲೋಮೀಟರು ದಾಟಿದ ವೇಗ. ಊರೊಳಗೆ ಅದಕ್ಕಿಂತ ಹೆಚ್ಚು ಯಾರಿಗೂ ಬೇಡ. ಅಪ್ಪ ಈಗ ಟ್ಯಾಂಕಿನ ಮೇಲೆ ಬಿಳಿ ಟೇಪು ಅಂಟಿಸಿ 2800 ಎಂದು ಬರೆದಿದ್ದಾರೆ. ಎಂಜಿನ್ ಕೇಳಲು ತಂದ ಮೀಟರು ಕನ್ನಡಿ ಕಾಯಲು ನಿಂತಿದೆ. ಹೆದ್ದಾರಿ ಬೇಡ, ಕತ್ತಲಾದ ಮೇಲೆ ಬೇಡ, ಇವು ನನ್ನ ಇನ್ನೆರಡು ಷರತ್ತು. ಮೊದಲನೆಯದಕ್ಕೆ ಒಪ್ಪಿದ್ದಾರೆ, ಎರಡನೆಯದರ ಮೇಲೆ ಮಾತುಕತೆ ನಡೆದಿದೆ.

ಮೀಟರಿನೊಳಗೆ ನೀರು ಇಳಿಯುತ್ತದಾದ್ದರಿಂದ ಜೂನ್ ಬಂತೆಂದರೆ ಕಳಚಿ ಡಬ್ಬಿಗೆ ಹಾಕಬೇಕು. ಮೀಟರಿಲ್ಲದೆ ಗಾಡಿ ತೆಗೆಯುವುದಿಲ್ಲ ಎಂದು ಅಪ್ಪನೇ ಹೇಳಿದ್ದಾರೆ. ಅಣ್ಣ ಇನ್ನೂ ಒಪ್ಪಿಲ್ಲ. ಗಣಪತಿ ಹಬ್ಬಕ್ಕೆ ಬಂದಾಗ ಹಿಂದೆ ಕೂತು ನೋಡುತ್ತಾನಂತೆ.