ಗೋಡೆ ಬಿದ್ದಿರಲಿಲ್ಲ

ಚಾನಕ್ಕಲೆಯಲ್ಲಿ ಬಸ್ಸಿಳಿದು ಕಡಲ ದಂಡೆಗೆ ಬಂದೆ. ಎದುರಿಗೆ ಡಾರ್ಡನೆಲ್ಸ್ ಜಲಸಂಧಿ, ಅದರಾಚೆ ಯುರೋಪು. ಈಚೆ, ಏಷ್ಯಾದ ನೆಲದ ಮೇಲೆ, ಸುಟ್ಟ ಹಡಗಿನ ಹಲಗೆಗಳನ್ನು ಹಗ್ಗದಿಂದ ಬಿಗಿದಂತೆ ಕಾಣುವ ದೈತ್ಯ ಕುದುರೆ! 2004ರ ‘ಟ್ರಾಯ್’ ಸಿನಿಮಾದ್ದು. ಕತ್ತೆತ್ತಿ ನೋಡುತ್ತ ನಿಂತವನಿಗೆ ಅಕ್ಕನ ಮನೆಯ ಕಂಪ್ಯೂಟರು ನೆನಪಾಯಿತು.

ಅಕ್ಕನ ಮಗ ಒಂದು ಗೇಮ್‌ಗಾಗಿ ಕೀಜೆನ್ ಇಳಿಸಿಕೊಂಡಿದ್ದ. ಗುಂಡಿ ಒತ್ತಿದರೆ ಸೀರಿಯಲ್ ನಂಬರ್ ಹುಟ್ಟಿಸಿಕೊಡುತ್ತೇನೆನ್ನುವ ಪುಟ್ಟ ಪ್ರೋಗ್ರಾಂ. ಒಳಗಿದ್ದದ್ದು ‘ಸ್ಟಾಪ್’ ಎಂಬ ರ್‍ಯಾನ್ಸಮ್‌ವೇರ್. ಅಮ್ಮನ ಫೋಟೊಗಳಲ್ಲಿ ಒಂದೂ ತೆರೆಯಲಿಲ್ಲ. 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ ಅರ್ಧ ಸಾಕು ಎಂಬ ಚೀಟಿ ಮಾತ್ರ ಉಳಿದಿತ್ತು. ‘ಆಂಟಿವೈರಸ್ ಆಫ್ ಮಾಡು ಅಂತ ಅದರಲ್ಲೇ ಬರೆದಿತ್ತು ಮಾವ’ ಎಂದು ಹುಡುಗ ಅತ್ತಿದ್ದ.

ಮರುದಿನ ಹಿಸಾರ್ಲಿಕ್ ದಿಬ್ಬಕ್ಕೆ ಹೋದೆ. 1870ರ ದಶಕದಲ್ಲಿ ಹೈನ್ರಿಶ್ ಶ್ಲೀಮನ್ ಟ್ರಾಯ್ ನಗರವನ್ನು ಹುಡುಕುತ್ತ ಅಗೆಸಿದ ಜಾಗ. ಒಂದು ಊರಿನ ಮೇಲೆ ಇನ್ನೊಂದು, ಹೀಗೆ ಒಂಬತ್ತು ಪದರ! ಅವುಗಳ ನಡುವೆ, ಮೂರು ಸಾವಿರ ವರ್ಷ ದಾಟಿದ ಸುಣ್ಣಕಲ್ಲಿನ ಕೋಟೆಗೋಡೆ ಒಳಮುಖವಾಗಿ ವಾಲಿಕೊಂಡು ಇನ್ನೂ ನಿಂತಿದೆ. ಕಲ್ಲಿಗೆ ಕಲ್ಲು ಕೂಡಿಸಿದ ಪರಿ ಕಂಡು ಮಾತೇ ಹೊರಡಲಿಲ್ಲ.

ಗ್ರೀಕರ ಹತ್ತು ವರ್ಷದ ಮುತ್ತಿಗೆಗೂ ಬಗ್ಗದ ಈ ಊರು, ಹೊಟ್ಟೆಯೊಳಗೆ ಸೈನಿಕರನ್ನು ಬಚ್ಚಿಟ್ಟ ಮರದ ಕುದುರೆಗೆ ಸೋತಿತೆಂದು ಕಥೆ. ಆದರೆ ರೋಮನ್ ಕವಿ ವರ್ಜಿಲ್ ಹೇಳುವ ಕಥೆಯಲ್ಲಿ ಕುದುರೆಯ ಜೊತೆ ಒಬ್ಬ ಮನುಷ್ಯನೂ ಇದ್ದಾನೆ. ಹೆಸರು ಸಿನೋನ್. ಗ್ರೀಕರು ಬೇಕೆಂದೇ ಬಿಟ್ಟುಹೋದವನು. ‘ಇದು ದೇವಿಗೆ ಹರಕೆ, ನೀವು ಒಳಗೆ ಒಯ್ಯಬಾರದೆಂದೇ ಇಷ್ಟು ದೊಡ್ಡದು ಮಾಡಿದ್ದಾರೆ’ ಎಂದು ಅತ್ತು ನಂಬಿಸುತ್ತಾನೆ. ಅರ್ಚಕ ಲಾವೊಕೂನ್ ಅಷ್ಟರಲ್ಲಾಗಲೇ ಈಟಿ ಎಸೆದಿದ್ದ. ಟೊಳ್ಳು ಹೊಟ್ಟೆ ಗುಂಯ್‌ಗುಟ್ಟಿತ್ತು. ಆದರೂ ಜನ ನಂಬಿದ್ದು ಸಿನೋನನನ್ನು. ತಮ್ಮ ಗೋಡೆಯನ್ನು ತಾವೇ ಒಡೆದರು.

ಆ ಗೋಡೆಯೆದುರು ನಿಂತಾಗ ಮೈ ಜುಮ್ಮೆಂದಿತು. ಈಟಿಯ ಸದ್ದು ಆಂಟಿವೈರಸ್‌ನ ಎಚ್ಚರಿಕೆ. ‘ಅದು ಸುಳ್ಳು, ಆಫ್ ಮಾಡು’ ಎನ್ನುವ ಚೀಟಿಯೇ ಸಿನೋನ್. ಇಂಥ ಪ್ರೋಗ್ರಾಂಗಳ ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕುವುದೂ ಸ್ಕ್ಯಾನರ್ ಹೊಟ್ಟೆಯೊಳಗೆ ಇಣುಕದಿರಲೆಂದೇ. 2022ರಲ್ಲಿ ಹರಡಿದ ಕ್ರೋಮ್‌ಲೋಡರ್ ಎಂಬ ಮಾಲ್‌ವೇರ್ ಕ್ರ್ಯಾಕ್ ಮಾಡಿದ ಗೇಮ್‌ನ ವೇಷದಲ್ಲಿ ಬಂದು ಬ್ರೌಸರಿಗೆ ಕಳ್ಳ ಎಕ್ಸ್‌ಟೆನ್ಷನ್ ಸೇರಿಸುತ್ತಿತ್ತು. ಕುದುರೆಯ ಹೊಟ್ಟೆಯಲ್ಲೊಂದು ಮರಿಕುದುರೆ! 2023ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ ನಕಲಿ ಚಾಟ್‌ಜಿಪಿಟಿ ಎಕ್ಸ್‌ಟೆನ್ಷನ್ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಲೇ ಫೇಸ್‌ಬುಕ್ ಕುಕಿಗಳನ್ನು ಕದಿಯುತ್ತಿತ್ತು. ಲಾಗಿನ್ ಆಗಿರುವವರ ಕುಕಿ ಸಿಕ್ಕರೆ ಪಾಸ್‌ವರ್ಡ್ ಬೇಕಿಲ್ಲ. ಅದೇ ಒಳಹೋಗುವ ಟೋಕನ್.

ದಿಬ್ಬದ ಮೇಲಿಂದಲೇ ಹುಡುಗನಿಗೆ ವಿಡಿಯೊ ಕಾಲ್ ಮಾಡಿ ಗೋಡೆ ತೋರಿಸಿದೆ.

‘ಇಷ್ಟು ಗಟ್ಟಿ ಇದೆಯಲ್ಲ ಮಾವ!’

ಸಿನೋನನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೀಬೋರ್ಡಿನ ಟಕಟಕ ಕೇಳಿಸಿತು.

‘ವಾಲ್‌ಪೇಪರ್ ಬದಲಿಸೋ ಎಕ್ಸ್‌ಟೆನ್ಷನ್ನು. ಎಲ್ಲ ವೆಬ್‌ಸೈಟಿನ ಮಾಹಿತಿ ಓದಕ್ಕೆ ಪರ್ಮಿಷನ್ ತಗೊಂಡಿದೆ. ಇದಕ್ಕೇನು ಕೆಲಸ ಅಲ್ಲಿ?’

ಉತ್ತರಕ್ಕೆ ಕಾಯಲಿಲ್ಲ, ತೆಗೆದುಹಾಕಿದ.